ಸಾಕು ಎಂಬ ಮಾತು

ನಮ್ಮ ಭಾಷೆಯಲ್ಲಿ ‘ಸಾಕು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಅನ್ನವಿಟ್ಟು ಪೊರೆಯುವುದೂ ಸಾಕುವುದೇ. ಇನ್ನು ಬೇಡವೆಂದು ಕೈಯಡ್ಡ ಹಿಡಿಯುವುದೂ ಸಾಕೆನ್ನುವುದೇ. ನಾಯಿಗಳ ಪಾಲಿಗೆ ಈ ಎರಡರ ನಡುವಣ ದೂರ ಬಹಳ ಕಡಿಮೆ. ಮರಿಯಾಗಿದ್ದಾಗ ಮೊದಲನೆಯದು, ಬೆಳೆದು ಬೊಗಳತೊಡಗಿದಾಗ ಎರಡನೆಯದು.

ನಾನಿರುವ ಟಿ.ಬಿ. ಡ್ಯಾಂ ಈ ಮಾತನ್ನು ಅರಿಯಲು ತಕ್ಕ ಸ್ಥಳ. 1945ರಲ್ಲಿ ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದ ಮೇಲೆ, ಆ ಕೆಲಸದ ನಂಟಿನಿಂದ ಬೆಳೆದ ಊರಿದು. 1953ರಲ್ಲಿ ನೀರು ನಿಂತಿತು, ಊರೂ ನೆಲೆನಿಂತಿತು. ಆದರೆ ಕ್ವಾರ್ಟರ್ಸಿನ ಜನ ನಿಲ್ಲುವವರಲ್ಲ. ವರ್ಗವಾಗುತ್ತದೆ, ನಿವೃತ್ತಿಯಾಗುತ್ತದೆ, ಸಾಮಾನಿನ ಲಾರಿ ಬರುತ್ತದೆ. ಬೀರು, ಮಂಚ, ತುಳಸಿಯ ಕುಂಡ ಎಲ್ಲವೂ ಏರುತ್ತವೆ. ಕೆಲವೊಮ್ಮೆ ನಾಯಿಯೊಂದು ಮಾತ್ರ ಉಳಿಯುತ್ತದೆ. ಬೀಗ ಬಿದ್ದ ಬಾಗಿಲ ಮುಂದೆ ಅದು ದಿನಗಟ್ಟಲೆ ಕಾಯುತ್ತದೆ. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿಯ ವಿದ್ಯೆ ಗೊತ್ತು. ತಟ್ಟೆಯಲ್ಲಿ ಉಂಡದ್ದಕ್ಕೆ ಅದು ಗೊತ್ತಿಲ್ಲ. ಇಂಥವುಗಳನ್ನೂ, ಕಾಲುವೆಯ ದಂಡೆಯ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಮರಿಗಳನ್ನೂ ಕೆಲಕಾಲ ಮನೆಯಲ್ಲಿಟ್ಟುಕೊಂಡು, ಬೇರೆ ಮನೆ ಹುಡುಕಿಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ.

ಈ ನಡುವಣ ಮನೆಯ ಕೆಲಸ ಬರಿಯ ಕರುಣೆಯಿಂದ ಸಾಗುವುದಿಲ್ಲ. ಹೊಸದಾಗಿ ಬಂದ ಮರಿಯನ್ನು ಎರಡು ವಾರವಾದರೂ ಬೇರೆಯಾಗಿಡಬೇಕು. ಇಲ್ಲವಾದರೆ ಪಾರ್ವೋ ಎಂಬ ಭೇದಿಯ ರೋಗ ಮನೆಯಲ್ಲಿರುವ ಮರಿಗಳನ್ನೆಲ್ಲ ಒಯ್ಯಬಲ್ಲದು. ಆರರಿಂದ ಎಂಟನೆಯ ವಾರದೊಳಗೆ ಅದಕ್ಕೆ ಮೊದಲ ಲಸಿಕೆ. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ. ಮೈಯಷ್ಟೇ ಮುಖ್ಯವಾದದ್ದು ಮನಸ್ಸು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ನಾಯಿಗಳನ್ನು ಅಭ್ಯಸಿಸಿ 1965ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಯಾರ ಒಡನಾಟದಲ್ಲಿ ಬೆಳೆಯುತ್ತದೆಯೋ ಅವರನ್ನೇ ತನ್ನವರೆಂದು ತಿಳಿಯುತ್ತದೆಂಬುದು ಅವರ ಕಾಣ್ಕೆ. ಹಾಗಾಗಿ ಮಿಕ್ಸಿಯ ಸದ್ದು, ಮಕ್ಕಳ ಗದ್ದಲ, ಕೋಲೂರಿ ನಡೆವ ಅಜ್ಜ ಎಲ್ಲವೂ ನಮ್ಮ ಮನೆಯ ಮರಿಗಳಿಗೆ ಪಾಠವೇ. ಅವು ಕಲಿಯಬೇಕಾದದ್ದು ನನ್ನೊಬ್ಬಳನ್ನು ಪ್ರೀತಿಸುವುದನ್ನಲ್ಲ; ಮನುಷ್ಯರನ್ನು ನಂಬುವುದನ್ನು.

ನಾಯಿಯನ್ನು ಮನೆ ದಾಟಿಸುವುದು ಕನ್ನಡನಾಡಿಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕದನದಲ್ಲಿ ಗಂಗರ ಇಮ್ಮಡಿ ಬೂತುಗನ ಕಡೆ ಕಾದಿದ ಮಣಲೇರನೆಂಬ ವೀರನಿಗೆ, ಮೆಚ್ಚಿದ ಒಡೆಯ ಬೇಕಾದುದನ್ನು ಕೇಳಿಕೊಳ್ಳೆಂದ. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಅದರ ಹೆಸರಿಗೆ ಭೂಮಿ ಬಿಟ್ಟರು. ಆ ಭೂಮಿಯನ್ನುಣ್ಣುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಬಾರದೆಂದು ವಿಧಿಸಿದರು. ನಮ್ಮ ಜಿಲ್ಲೆಯ ಮೈಲಾರದಲ್ಲಿ ದೇವರೆದುರು ತಾವೇ ನಾಯಿಗಳಾಗಿ ಬೊಗಳುವ ಗೊರವರನ್ನು ಕಂಡವರಿಗೆ ಇದು ಸೋಜಿಗವೆನಿಸದು. ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಏನನ್ನಾದರೂ ಕೇಳಬಹುದಾಗಿದ್ದವನು ನಾಯಿಯನ್ನೇ ಕೇಳಿದ. ನಾವು ಹುಡುಕುವುದು ಅಂಥ ಮಣಲೇರನನ್ನೇ.

ಅವನು ಸುಲಭವಾಗಿ ಸಿಗುವುದಿಲ್ಲ. ಬರುವವರಲ್ಲಿ ಹಲವರ ಮೊದಲ ಮಾತು, ‘ಗಂಡಿದ್ರ ಕೊಡ್ರಿ ಅಕ್ಕಾರ, ಹೆಣ್ಣು ಬ್ಯಾಡ್ರಿ.’ ಸಂತಾನಹರಣದ ಶಸ್ತ್ರಚಿಕಿತ್ಸೆಯ ವಿಷಯ ಬಿಡಿಸಿ ಹೇಳಿದರೆ ಕೆಲವರು ಒಪ್ಪುತ್ತಾರೆ. ಇನ್ನು ಕೆಲವರಿಗೆ ಜಾತಿನಾಯಿಯೇ ಆಗಬೇಕು. ಎಲ್ಲರಿಗೂ ನಾನು ಕೇಳುವ ಪ್ರಶ್ನೆಗಳು ಕೆಲವೇ: ಮನೆಯವರೆಲ್ಲ ಒಪ್ಪಿದ್ದಾರೆಯೇ? ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ? ಹಗಲೆಲ್ಲ ಸರಪಳಿಯಲ್ಲಿ ಕಟ್ಟುವಿರಾ? ಹತ್ತು ಹನ್ನೆರಡು ವರ್ಷ ಬದುಕುವ ಜೀವವಿದು. ವರ್ಗವಾದರೆ ಏನು ಮಾಡುವಿರಿ? ‘ಇಷ್ಟೆಲ್ಲ ಕೇಳ್ತೀರಲ್ರಿ, ಹೆಣ್ಣು ಕೊಡ್ತೀರೇನು?’ ಎಂದು ಒಬ್ಬರು ನಕ್ಕರು. ಹೆಣ್ಣಿಗಾದರೆ ತಿರುಗಿ ಬಂದು ಹೇಳಿಕೊಳ್ಳಲು ಬಾಯಿದೆ ಎಂದೆ.

ಬಾಯಿಲ್ಲದವುಗಳ ಪರವಾಗಿ ಕಾನೂನು ಮಾತನಾಡಿದೆ, ಆದರೆ ಮೆಲ್ಲಗೆ. 1960ರ ಪ್ರಾಣಿಹಿಂಸೆ ತಡೆ ಶಾಸನದ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲಕ್ಕೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಇತ್ತ ನಾಯಿಕಡಿತದ ಭಯವೂ ಸುಳ್ಳಲ್ಲ. ಕಚ್ಚಿಸಿಕೊಂಡ ಮಗುವಿನ ತಾಯಿಗೆ ದಯೆಯ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯ ಬೀದಿನಾಯಿಗಳ ಬಗ್ಗೆ ನೀಡಿದ ಆದೇಶದಲ್ಲಿ ದತ್ತು ಪಡೆಯಲು ಅವಕಾಶವಿತ್ತು, ಜೊತೆಗೆ ಒಂದು ಮಾತನ್ನೂ ಸೇರಿಸಿತು: ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಪಡೆದವರದು. ಮರಿಯನ್ನು ಕೊಡುವುದಕ್ಕಿಂತ ಕೊಡದೆ ಹಿಂದಕ್ಕೆ ಕಳಿಸುವುದೇ ಒಮ್ಮೊಮ್ಮೆ ಹೆಚ್ಚಿನ ದಯೆ ಎನ್ನುವುದು ಇದಕ್ಕಾಗಿಯೇ.

ಕೊಡುವುದೂ ಸುಲಭವಲ್ಲ. ಕ್ವಾರ್ಟರ್ಸಿನಲ್ಲಿ ಉಳಿದುಹೋಗಿದ್ದ ಎಂಟು ವರ್ಷದ ಕಂದು ನಾಯಿಯೊಂದು ನನ್ನಲ್ಲಿ ಐದು ತಿಂಗಳಿತ್ತು. ವಯಸ್ಸಾದದ್ದನ್ನು ಯಾರು ಬಯಸುತ್ತಾರೆ? ಕೊನೆಗೆ ಕಮಲಾಪುರದ ಕಡೆಯ ಬಾಳೆತೋಟದ ವೃದ್ಧ ದಂಪತಿ ಬಂದರು. ‘ನಮಗೂ ಓಡೋ ನಾಯಿ ಹಿಂದ ಓಡಾಕ ಆಗಂಗಿಲ್ಲವ್ವ’ ಎಂದರು ಅಜ್ಜಿ. ಹೋದಲ್ಲಿ ಅದು ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ತಿಂದಿತೆಂದು ಸುದ್ದಿ ಬಂತು. ನೋಡಲು ಹೋಗಬೇಕೆಂದು ನನ್ನ ಮನಸ್ಸು ಎಳೆಯಿತು. ಹೋಗಲಿಲ್ಲ. ನನ್ನ ವಾಸನೆ ಹತ್ತಿದರೆ ಅದು ಮತ್ತೊಂದು ಬಾಗಿಲನ್ನು ಕಾಯತೊಡಗುತ್ತಿತ್ತು.

ನಡುವಣ ಮನೆಯವರು ಕೂಡ ‘ಸಾಕು’ ಎನ್ನಲೇಬೇಕು. ಬಿಟ್ಟುಹೋದವರು ಅದನ್ನು ತಮ್ಮ ಹೊಣೆ ಕಳೆಯಲೆಂದು ಹೇಳುತ್ತಾರೆ. ನಾವು ಆ ಹೊಣೆ ಇನ್ನೊಬ್ಬರ ಕೈಯಲ್ಲಿ ಭದ್ರವಾಯಿತೆಂದು ತಿಳಿದ ಮೇಲೆ ಹೇಳುತ್ತೇವೆ. ಹಾಗೆ ಹೇಳಲಾರದವಳ ಮನೆ ಬೇಗ ತುಂಬಿಹೋಗುತ್ತದೆ, ಕಾಲುವೆಯ ದಂಡೆಯ ಮುಂದಿನ ಪೆಟ್ಟಿಗೆಗೆ ಅಲ್ಲಿ ಎಡೆಯಿರುವುದಿಲ್ಲ.