ಕಿವಿಗೆ ಗುರುತಿರುವ ನಟಿ



ಎಂಬತ್ತರ ದಶಕದ ಕನ್ನಡ ಸಿನೆಮಾ ನೋಡಿ ಬೆಳೆದವರಿಗೆ ಜಯಪ್ರದಾ, ಮಾಧವಿ, ಅಂಬಿಕಾ ಯಾರೆಂದು ಹೇಳಿಕೊಡಬೇಕಾಗಿಲ್ಲ. ಸೇಡಂ, ಶಹಾಬಾದದ ಕಡೆಯ ಹಿರಿಯರಿಗೆ ಇವರು ಮನೆಮಕ್ಕಳಷ್ಟೇ ಪರಿಚಿತರು. ಜಯಪ್ರದಾ ರಾಜಮಹೇಂದ್ರಿಯವರು, ಅಂಬಿಕಾ ಕೇರಳದವರು, ಮಾಧವಿ ನಮ್ಮ ನೆರೆಯ ಹೈದರಾಬಾದಿನವರು. ಮೂವರ ಮನೆಮಾತೂ ಕನ್ನಡವಲ್ಲ. ಆದರೂ ಪರದೆಯ ಮೇಲೆ ಇವರು ಅತ್ತರೆ, ಜಗಳಾಡಿದರೆ, ಗಂಡನನ್ನು ಗದರಿಸಿದರೆ ಅದು ಅಪ್ಪಟ ಕನ್ನಡವೇ ಆಗಿರುತ್ತಿತ್ತು. ಅದು ಹೇಗೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೇವೆ?

ಈ ಮೂವರಿಗೂ ಕಂಠ ಕೊಟ್ಟವರಲ್ಲಿ ಒಬ್ಬರು ಬಿ. ಜಯಶ್ರೀ. ಅವರದೇ ಮುಖವನ್ನು ನೀವು ನಾಗಾಭರಣ ಅವರ ‘ನಾಗಮಂಡಲ’ದಲ್ಲಿ ನೋಡಿದ್ದೀರಿ, ಕವಿತಾ ಲಂಕೇಶ್ ಅವರ ‘ದೇವೀರಿ’ಯಲ್ಲಿ ನೋಡಿದ್ದೀರಿ. ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ‘ಕಾರ್ ಕಾರ್’ ಹಾಡಿನಲ್ಲಿ ಅವರ ದನಿ ಕೇಳಿದ್ದೀರಿ. ರಂಗಭೂಮಿಯಲ್ಲಂತೂ ಅವರು ನಟಿ, ಗಾಯಕಿ, ನಿರ್ದೇಶಕಿ, ತಂಡದ ಯಜಮಾನಿ ಎಲ್ಲವೂ ಹೌದು. ಇಂಥವರನ್ನು ಪರಿಚಯಿಸುವಾಗ ‘ಬಹುಮುಖ ಪ್ರತಿಭೆ’ ಎಂದು ಒಂದು ಹಾರ ಹಾಕಿ ಮುಗಿಸುವುದು ರೂಢಿ. ನನಗೆ ಆ ಮಾತು ಅಷ್ಟು ಒಪ್ಪಿಗೆಯಿಲ್ಲ. ಮುಖ ಎಷ್ಟೇ ಇರಲಿ, ಇವರ ಎಲ್ಲ ಕೆಲಸದ ಹಿಂದಿರುವ ಬಂಡವಾಳ ಒಂದೇ: ಕಂಪನಿ ನಾಟಕದ ರಂಗದ ಮೇಲೆ ಪಳಗಿದ ದನಿ. ಆ ದನಿ ಎಲ್ಲಿಂದ ಬಂತು, ಎಲ್ಲೆಲ್ಲಿ ಹೋಯಿತು ಎಂಬುದೇ ಇವತ್ತಿನ ಮಾತು.

ಜಯಶ್ರೀ ಹುಟ್ಟಿದ್ದು 1950ರಲ್ಲಿ, ಬೆಂಗಳೂರಿನಲ್ಲಿ. ತಾಯಿ ಜಿ.ವಿ. ಮಾಲತಮ್ಮ, ತಾಯಿಯ ತಂದೆ ಗುಬ್ಬಿ ವೀರಣ್ಣ. ಈ ಹೆಸರು ಬಂದ ಮೇಲೆ ಸ್ವಲ್ಪ ನಿಲ್ಲಲೇಬೇಕು. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘಕ್ಕೆ ದೇಶದ ತುಂಬ ಹೆಸರು ತಂದವರು ವೀರಣ್ಣನವರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದವರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. ಮನೆ ಬಿಟ್ಟು ಬಂದ ಹುಡುಗ ಬಿ.ವಿ. ಕಾರಂತರಿಗೆ ಆಸರೆ ಕೊಟ್ಟು, ಮುಂದೆ ಓದಲು ಕಾಶಿಗೆ ಕಳಿಸಿದವರೂ ವೀರಣ್ಣನವರೇ. ಅವರ ಪತ್ನಿ ಬಿ. ಜಯಮ್ಮ ರಂಗಭೂಮಿ, ಸಿನೆಮಾ ಎರಡರಲ್ಲೂ ದೊಡ್ಡ ಹೆಸರು. ಅಂದರೆ ಜಯಶ್ರೀ ಅವರ ಮನೆಯಲ್ಲಿ ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ಬಂಡಾಯವಾಗಿರಲಿಲ್ಲ, ದಿನದ ಕೆಲಸವಾಗಿತ್ತು. ಮಗುವಾಗಿದ್ದಾಗಲೇ ಅವರು ಕಂಪನಿಯ ರಂಗ ಹತ್ತಿದರು.

ಕಂಪನಿ ರಂಗ ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತ್ರೆ ಬಂತೆಂದರೆ ಕಂಪನಿಯೂ ಬರುತ್ತದೆ. ತಗಡಿನ ಗೋಡೆ, ಮುಂದೆ ನೆಲದ ಮೇಲೆ ಕೂತವರು, ಹಿಂದೆ ಕುರ್ಚಿ, ಅದರ ಹಿಂದೆ ನಿಂತವರು. ಪಕ್ಕದಲ್ಲಿ ಪೇಟಿ ಮಾಸ್ತರ, ತಬಲಾದವರು. ಈಗ ರಂಗದ ಮೇಲೆ ಮೈಕು ತೂಗುಬಿಟ್ಟಿರುತ್ತಾರೆ. ಅದು ಬರುವ ಮೊದಲು ಕಟ್ಟಕಡೆಗೆ ನಿಂತವನಿಗೂ ಮಾತು ಮುಟ್ಟಬೇಕಾದರೆ ನಟಿಗೆ ಇದ್ದದ್ದು ಅವಳ ಎದೆಗೂಡು, ಹೊಟ್ಟೆ, ಉಸಿರು ಇಷ್ಟೇ. ಬರೀ ಕಿರುಚಿದರೆ ಎರಡನೆಯ ಅಂಕಕ್ಕೆ ಗಂಟಲು ಬಿದ್ದುಹೋಗುತ್ತದೆ. ಹಾಗಾಗಿ ಉಸಿರನ್ನು ಹೊಟ್ಟೆಯಿಂದ ತೆಗೆದು, ವಾಕ್ಯದ ಕೊನೆಯ ಅಕ್ಷರದವರೆಗೆ ಉಳಿಸಿಕೊಳ್ಳುವುದನ್ನು ಕಲಿಯಬೇಕು. ನಾವು ಮಾತಾಡುವಾಗ ವಾಕ್ಯದ ಕೊನೆಯನ್ನು ನುಂಗುತ್ತೇವೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಗೆ. ‘ಬಂದೆ’ಯೋ ‘ಬಂದೆಯಾ’ ಎಂಬ ಪ್ರಶ್ನೆಯೋ ತಿಳಿಯುವುದು ಅಲ್ಲಿಯೇ. ಅದನ್ನು ನುಂಗಿದ ನಟಿಯ ಮಾತು ಹಿಂದಿನ ಸಾಲಿಗೆ ಅರ್ಧವೇ ಹೋಗುತ್ತದೆ. ಜೊತೆಗೆ ಹಾಡು. ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಹೊರಳುವಾಗ ಶ್ರುತಿ ತಪ್ಪಬಾರದು. ‘ಒನ್ಸ್ ಮೋರ್’ ಬಂದರೆ ಮತ್ತೆ ಹಾಡಬೇಕು. ಜಯಶ್ರೀ ಅವರ ಮೊದಲ ಪಾಠಶಾಲೆ ಇದು.

ಎರಡನೆಯದು ದೆಹಲಿ. ರಾಷ್ಟ್ರೀಯ ನಾಟಕ ಶಾಲೆ, ಅಂದರೆ ಎನ್‌ಎಸ್‌ಡಿಯಿಂದ ಅವರು 1973ರಲ್ಲಿ ಪದವಿ ಪಡೆದರು. ಆಗ ಅಲ್ಲಿ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರು. ಶಿಸ್ತಿಗೆ ಇನ್ನೊಂದು ಹೆಸರಾದ ಗುರು. ಕಂಪನಿಯಲ್ಲಿ ಹುಟ್ಟಿ ಬೆಳೆದ ಹುಡುಗಿ ಅಲ್ಲಿ ಹಿಂದಿಯಲ್ಲಿ ಕಲಿತು, ಜಗತ್ತಿನ ನಾಟಕಗಳ ಪರಿಚಯ ಮಾಡಿಕೊಂಡು ಊರಿಗೆ ಬಂದರು. ಆ ಕಾಲದಲ್ಲಿ ಬೆಂಗಳೂರಿನ ಹವ್ಯಾಸಿ ರಂಗದ ಎಷ್ಟೋ ಮಂದಿಗೆ ಕಂಪನಿ ನಾಟಕ ಎಂದರೆ ಒಂದು ತಾತ್ಸಾರ: ಅಬ್ಬರ, ಅತಿ, ಹಳತು ಎಂದು. ಜಯಶ್ರೀ ಅವರು ಎರಡನ್ನೂ ಬಿಡಲಿಲ್ಲ. ಅವರ ಅತಿ ದೊಡ್ಡ ನಿರ್ಧಾರ ಇದೇ ಎಂದು ನನಗೆ ಅನ್ನಿಸುತ್ತದೆ.

1976ರಲ್ಲಿ ಅವರು ‘ಸ್ಪಂದನ’ ತಂಡ ಕಟ್ಟಿದರು. ಹೆಣ್ಣುಮಗಳೊಬ್ಬಳು ನಾಟಕದ ತಂಡದಲ್ಲಿ ಪಾತ್ರ ಮಾಡುವುದು ಬೇರೆ, ತಂಡವನ್ನೇ ನಡೆಸುವುದು ಬೇರೆ. ಲಾರಿ ಬಾಡಿಗೆ, ಊಟ, ಮುನಿಸು, ಕೊನೆಗಳಿಗೆಯಲ್ಲಿ ಕೈಕೊಡುವ ನಟ, ಇವನ್ನೆಲ್ಲ ಸಂಭಾಳಿಸಿದವರಿಗೇ ಗೊತ್ತು. ‘ಸ್ಪಂದನ’ದಿಂದ ಬಂದ ‘ಲಕ್ಷಾಪತಿ ರಾಜನ ಕಥೆ’ ಹಾಡು, ಕುಣಿತ, ತಮಾಷೆಗಳಿಂದ ತುಂಬಿದ ಜನಪದ ಧಾಟಿಯ ನಾಟಕ. ಚಂದ್ರಶೇಖರ ಕಂಬಾರರ ಕಾದಂಬರಿ ‘ಕರಿಮಾಯಿ’ಯನ್ನೂ ಅವರು ರಂಗಕ್ಕೆ ತಂದರು. ಬೆಳಗಾವಿ ಸೀಮೆಯ ಮಾತು, ಊರದೇವತೆ, ಅವಳ ಸುತ್ತಲಿನ ಜನ, ಇದನ್ನು ಬೆಂಗಳೂರಿನ ತಂಡದ ಬಾಯಲ್ಲಿ ಆಡಿಸುವುದು ಸಣ್ಣ ಕೆಲಸವಲ್ಲ. ಅಜ್ಜನ ಕಾಲದ ‘ಸದಾರಮೆ’ಯನ್ನೂ ಅವರು ಕೈಬಿಡಲಿಲ್ಲ. ವೀರಣ್ಣನವರನ್ನು ಮನೆಮಾತು ಮಾಡಿದ್ದು ಆ ನಾಟಕದ ಕಳ್ಳನ ಪಾತ್ರ. ಮೊಮ್ಮಗಳು ಅದೇ ಕಳ್ಳನ ವೇಷ ಹಾಕಿ ಜನರನ್ನು ನಗಿಸಿದರು. ಗಂಡಸಿನ ಪಾತ್ರ ಹೆಂಗಸು ಮಾಡಿದರೆ ವಿಶೇಷ ಅನ್ನುತ್ತೇವೆ. ಆದರೆ ಒಂದು ಕಾಲಕ್ಕೆ ಗಂಡಸರೇ ಸೀರೆ ಉಟ್ಟು ನಾಯಕಿಯಾಗುತ್ತಿದ್ದಾಗ ಯಾರೂ ಆಶ್ಚರ್ಯಪಡುತ್ತಿರಲಿಲ್ಲ!

ಈಗ ಸ್ಟುಡಿಯೋದೊಳಕ್ಕೆ ಬರೋಣ. ಕಂಠದಾನದ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ತಿಳಿದರೆ ಈ ನಟಿಯ ಬೆಲೆ ಗೊತ್ತಾಗುತ್ತದೆ. ಚಿತ್ರೀಕರಣದ ಜಾಗದಲ್ಲಿ ಕ್ಯಾಮೆರಾ ಸದ್ದು, ಜನರ ಗದ್ದಲ. ಅಲ್ಲಿ ಆಡಿದ ಮಾತು ಬರೀ ಗುರುತಿಗೆ. ನಿಜವಾದ ಮಾತು ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ. ಫಿಲ್ಮಿನ ಕಾಲದಲ್ಲಿ ದೃಶ್ಯವನ್ನು ಸಣ್ಣ ತುಂಡು ಮಾಡಿ, ಎರಡು ತುದಿ ಕೂಡಿಸಿ, ಅದನ್ನೇ ಮತ್ತೆ ಮತ್ತೆ ಪರದೆಯ ಮೇಲೆ ತಿರುಗಿಸುತ್ತಿದ್ದರು. ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ಕಲಾವಿದೆ ಪರದೆಯ ತುಟಿಗೆ ತನ್ನ ಮಾತು ಕೂಡಿಸಬೇಕು. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು, ನೀವೇ ಒಮ್ಮೆ ಹೇಳಿ ನೋಡಿ. ಪರದೆಯ ನಟಿಯ ತುಟಿ ಮುಚ್ಚಿದಾಗ ಇಲ್ಲಿ ‘ಅಮ್ಮ’ ಎಂಬ ಮಾತಿನ ‘ಮ’ ಬೀಳಬೇಕು. ಒಂದು ಕ್ಷಣ ಆಚೆಈಚೆ ಆದರೂ ನೋಡುವವನಿಗೆ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ.

ಇಷ್ಟೇ ಆಗಿದ್ದರೆ ಅದು ಕೈಚಳಕ. ಕಷ್ಟ ಇರುವುದು ಅಳುವಿನಲ್ಲಿ. ಪರದೆಯ ನಟಿ ತನ್ನ ಉಸಿರಿನ ಲೆಕ್ಕಕ್ಕೆ ಅಳುತ್ತಾಳೆ, ಭುಜ ಅಲುಗುತ್ತದೆ, ಮಧ್ಯೆ ಬಿಕ್ಕುತ್ತಾಳೆ. ಕಂಠ ಕೊಡುವವರು ಇನ್ನೊಬ್ಬಳ ಉಸಿರಿನಲ್ಲಿ ಅಳಬೇಕು. ತನಗೆ ಸರಿ ಕಂಡಂತೆ ನಿಲ್ಲಿಸುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ಕಂಪನಿಯಲ್ಲಿ ಹಿಂದಿನ ಸಾಲಿಗೆ ಮುಟ್ಟಿಸಿ ರೂಢಿಯಾದ ದನಿ ಇಲ್ಲಿ ಹಾಗೆಯೇ ಬಂದರೆ ಕೆಲಸ ಕೆಟ್ಟಿತು, ಯಾಕೆಂದರೆ ಸ್ಟುಡಿಯೋದ ಮೈಕು ಗೇಣು ದೂರದಲ್ಲಿರುತ್ತದೆ, ನಾಲಗೆ ಅಂಗುಳಿಗೆ ತಾಗಿದ್ದೂ ಅದಕ್ಕೆ ಕೇಳುತ್ತದೆ. ದೊಡ್ಡ ದನಿಯಿದ್ದವರು ಅದನ್ನು ಪಿಸುಮಾತಿನಷ್ಟು ಸಣ್ಣದು ಮಾಡಿಯೂ ಕಸುವು ಉಳಿಸಿಕೊಳ್ಳಬೇಕು. ರಂಗದ ನಟಿಯರಲ್ಲಿ ಎಲ್ಲರಿಗೂ ಇದು ಒಗ್ಗಲಿಲ್ಲ. ಜಯಶ್ರೀ ಅವರಿಗೆ ಒಗ್ಗಿತು. ಮಾಧವಿ, ಜಯಪ್ರದಾ, ಅಂಬಿಕಾ ಅಲ್ಲದೆ ಗಾಯತ್ರಿ, ಜಯಮಾಲಾ ಅಂಥವರಿಗೂ ಅವರು ಕಂಠ ಕೊಟ್ಟರು.

ಒಂದು ಮಾತು ಇಲ್ಲಿ ಸೇರಿಸಬೇಕು. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ನಮ್ಮ ಚಿತ್ರರಂಗ ದಶಕಗಳ ಕಾಲ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಹಾಗಾಗಿ ಜಯಶ್ರೀ ಅವರ ಪೀಳಿಗೆಯವರು ದನಿ ಕೊಟ್ಟದ್ದು ಕನ್ನಡದ್ದೇ ಚಿತ್ರಗಳಿಗೆ, ಕನ್ನಡ ಬಾರದ ಅಥವಾ ದನಿ ಹೊಂದದ ನಾಯಕಿಯರಿಗೆ. ಪೋಸ್ಟರಿನ ಮೇಲೆ ಅವರ ಹೆಸರಿಲ್ಲ. ಹಾಡು ಹಾಡಿದವರ ಹೆಸರು ಕ್ಯಾಸೆಟ್ಟಿನ ಮೇಲೆ ಬಂತು, ಎರಡೂವರೆ ತಾಸು ಮಾತಾಡಿದವರ ಹೆಸರು ಜನರಿಗೆ ಗೊತ್ತಾಗಲಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಹಿನ್ನೆಲೆ ಗಾಯಕರಿಗೆ ಜಾಗ ಇದೆ, ಕಂಠದಾನ ಕಲಾವಿದರಿಗೆ ಇಲ್ಲ. ಇತ್ತೀಚೆಗೆ ನಮ್ಮ ಮೆಟ್ರೊದ ದನಿ ಎಂದು ನಾಡೇ ಗುರುತಿಸಿದ ಅಪರ್ಣಾ ಅವರು 2024ರಲ್ಲಿ ತೀರಿಕೊಂಡಾಗ ಜನ ಎಷ್ಟು ಮರುಗಿದರು ಎಂಬುದನ್ನು ನೋಡಿದೆವು. ದಿನವೂ ಕೇಳುವ ದನಿಗೆ ಒಂದು ಹೆಸರು ಇದೆ ಎಂದು ಗೊತ್ತಾದರೆ ಸಾಕು, ಜನರ ಪ್ರೀತಿಗೆ ಬರವಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಕೂತಾಗ ಕೇಳುವ ದನಿಯೂ ಯಾರದೋ ಒಬ್ಬರದೇ ತಾನೆ?

ಇನ್ನು ಅವರದೇ ಮುಖ, ಅವರದೇ ದನಿ ಕೂಡಿದ ಕಡೆಗೆ ಬರುತ್ತೇನೆ. ‘ನಾಗಮಂಡಲ’ ಗಿರೀಶ ಕಾರ್ನಾಡರ ನಾಟಕ, 1997ರಲ್ಲಿ ಸಿನೆಮಾ ಆಯಿತು. ಅದರಲ್ಲಿ ಜಯಶ್ರೀ ಅವರದು ಕುರುಡವ್ವನ ಪಾತ್ರ. ಹೆಸರೇ ಹೇಳುವಂತೆ ಕಣ್ಣಿಲ್ಲದ ಮುದುಕಿ. ನಾಯಕಿ ರಾಣಿಯ ಗಂಡ ಒಲಿಯಲಿ ಎಂದು ಬೇರು ಕೊಡುವವಳು ಇವಳೇ, ಕಥೆ ತಿರುಗುವುದು ಅಲ್ಲಿಂದಲೇ. ಸಿನೆಮಾದ ನಟಿಗೆ ದೊಡ್ಡ ಆಸ್ತಿ ಕಣ್ಣು. ಕ್ಯಾಮೆರಾ ಹತ್ತಿರ ಬಂದಾಗ ಒಂದು ನೋಟದಲ್ಲಿ ಹತ್ತು ಮಾತು ಹೇಳಬಹುದು. ಕುರುಡಿಯ ಪಾತ್ರದಲ್ಲಿ ಆ ಆಸ್ತಿಯನ್ನೇ ಕಿತ್ತುಕೊಂಡಂತಾಯಿತು. ಉಳಿದದ್ದು ಕತ್ತಿನ ಹೊರಳು, ತಡಕಾಡುವ ಕೈ ಮತ್ತು ದನಿ. ಬಾಗಿಲ ಹೊರಗೆ ನಿಂತು ಒಳಗಿನ ಹುಡುಗಿಯನ್ನು ಮಾತಾಡಿಸುವಾಗ ಆ ದನಿಯಲ್ಲಿ ಕುತೂಹಲವೂ ಇದೆ, ಮಮತೆಯೂ ಇದೆ, ಎಲ್ಲವನ್ನೂ ಕಂಡ ಮುದುಕಿಯ ತುಂಟತನವೂ ಇದೆ. ಮುಂದಿನ ಸಲ ಟಿವಿಯಲ್ಲಿ ಬಂದರೆ ಆ ಭಾಗವನ್ನು ಕಣ್ಣು ಮುಚ್ಚಿ ಕೇಳಿ. ಪಾತ್ರ ಪೂರ್ತಿ ನಿಮ್ಮ ಮುಂದೆ ನಿಲ್ಲುತ್ತದೆ. ಚಿತ್ರದ ಮಾತು ಧಾರವಾಡದ ಕಡೆಯದು. ಉರ್ದು, ತೆಲುಗು ಬೆರೆತ ನಮ್ಮ ಸೇಡಂ-ಚಿಂಚೋಳಿಯ ಮಾತಲ್ಲ, ನಿಜ. ಆದರೂ ಉತ್ತರ ಕರ್ನಾಟಕದ ಭಾಷೆಯನ್ನು ನಗಿಸುವುದಕ್ಕಷ್ಟೇ ಬಳಸುತ್ತಿದ್ದ ಸಿನೆಮಾಗಳ ನಡುವೆ, ಬೆಂಗಳೂರಿನ ನಟಿ ಅದನ್ನು ಮರ್ಯಾದೆಯಿಂದ ಆಡಿದ್ದು ನಮಗೆ ಸಮಾಧಾನ.

ಮನ್ನಣೆಗಳೂ ಬಂದವು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ. ಮೈಸೂರಿನ ರಂಗಾಯಣದ ನಿರ್ದೇಶಕಿಯಾಗಿದ್ದರು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು.

ಇಷ್ಟೆಲ್ಲ ನಿಮ್ಮ ಮುಂದೆ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಹುಡುಗರು ಸಾಮಾಜಿಕ ನಾಟಕ ಆಡುತ್ತಾರೆ. ತಿಂಗಳುಗಟ್ಟಲೆ ತಾಲೀಮು ಅವರದು. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಬಸ್ಸಿಳಿದು, ಚೀಲ ಇಟ್ಟು, ಪೇಟಿ ಮಾಸ್ತರರ ಹತ್ತಿರ ಶ್ರುತಿ ನೋಡಿಕೊಂಡು, ಆ ರಾತ್ರಿಯೇ ಬೆಳಗಿನ ತನಕ ಪಾರ್ಟು ಮಾಡುತ್ತಾರೆ. ಈ ಊರಲ್ಲಿ ನಾಯಕಿ, ನಾಳೆ ಇನ್ನೊಂದು ಊರಲ್ಲಿ ಅತ್ತೆ. ಚಿತ್ತಾಪುರದ ಕಡೆ ಇರಲಿ, ಚಿಂಚೋಳಿಯ ಕಡೆ ಇರಲಿ, ಇವರ ಹಾಡು ಕೇಳದ ಊರು ಕಡಿಮೆ. ಜಯಶ್ರೀ ಅವರಿಗೆ ಅಜ್ಜನ ಹೆಸರಿತ್ತು, ದೆಹಲಿಯ ಓದಿತ್ತು, ಆಮೇಲೆ ಪ್ರಶಸ್ತಿಯೂ ಬಂತು. ಅದೇ ದನಿಯ ಕಸುಬಿನಲ್ಲಿ ಬಾಳು ಸವೆಸಿದ ಈ ಹೆಣ್ಣುಮಕ್ಕಳಿಗೆ ಅದಾವುದೂ ಇಲ್ಲ. ಅವರಲ್ಲಿ ಹಿರಿಯರು ಈಗ ರಂಗ ಬಿಟ್ಟು ಮನೆಯಲ್ಲಿದ್ದಾರೆ, ಅವರ ರಂಗಗೀತೆಗಳು ಎಲ್ಲಿಯೂ ದಾಖಲಾಗಿಲ್ಲ.

ಕೇಳುಗರಲ್ಲಿ ನನ್ನ ವಿನಂತಿ ಒಂದೇ. ನಿಮ್ಮ ಊರಿನಲ್ಲಿ, ಪಕ್ಕದ ಊರಿನಲ್ಲಿ ಅಂಥ ಹಿರಿಯ ಕಲಾವಿದೆಯರಿದ್ದರೆ ಹೋಗಿ ಮಾತಾಡಿಸಿ. ಅವರ ಒಪ್ಪಿಗೆ ಕೇಳಿ, ಎರಡು ರಂಗಗೀತೆ, ನಾಲ್ಕು ಮಾತು ನಿಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಯಾವ ನಾಟಕದ್ದು, ಯಾವ ಊರಲ್ಲಿ ಆಡಿದ್ದು, ಪೇಟಿ ನುಡಿಸಿದವರು ಯಾರು ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ. ಅದಕ್ಕೂ ಮೊದಲು ಅವರ ಹೆಸರು ಹೇಳಿಸುವುದನ್ನು ಮರೆಯಬೇಡಿ.