ಕಡಿಮೆ ಬಂದ ಅಂಕಿಯ ಪರವಾಗಿ



ಸೀಸದ ಬಗ್ಗೆ ಉಪನ್ಯಾಸ ಎಂದು ಕರಪತ್ರದಲ್ಲಿ ನೋಡಿ ಅದರ ಪೂರ್ತಿ ಪುರಾಣ ಕೇಳಲು ಬಂದವರಿಗೆ ಇಂದು ಸ್ವಲ್ಪ ನಿರಾಸೆಯಾದೀತು. ರೋಮನ್ನರ ಕೊಳಾಯಿಯನ್ನೂ ಪೆಟ್ರೋಲಿನ ಕಥೆಯನ್ನೂ ನಾನು ಮುಟ್ಟುವುದಿಲ್ಲ. ನನ್ನ ತಕರಾರು ಒಂದೇ, ಮೇಲ್ನೋಟಕ್ಕೆ ಅದು ಬರೀ ಗುಮಾಸ್ತಿಕೆಯ ತಕರಾರು. ಒಂದು ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಲ್ಯಾಬಿನವರು ಅಳೆದ ಮೇಲೆ ಆ ಅಂಕಿ ವೈದ್ಯರಿಗೂ ಹೆತ್ತವರಿಗೂ ತಲುಪಿದರೆ ಸಾಕೇ, ಆರೋಗ್ಯ ಇಲಾಖೆಗೂ ಹೋಗಬೇಕೇ? ಹೋಗಬೇಕು ಎನ್ನುವವರಲ್ಲೂ ಎರಡು ಪಂಗಡ. ಮಿತಿ ಮೀರಿದ್ದನ್ನು ಮಾತ್ರ ಕಳಿಸಿದರೆ ಸಾಕು ಎನ್ನುವವರು ಒಂದು ಕಡೆ, ಎಲ್ಲವನ್ನೂ ಕಳಿಸಿ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪರ. ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದು ಬಂದ ವರದಿಯೂ ಇಲಾಖೆಗೆ ಹೋಗಲೇಬೇಕು ಎಂಬುದು ನನ್ನ ವಾದ.

ಚರಿತ್ರೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಕಾರ್ಖಾನೆಯ ಕೆಲಸದವರಿಗೆ ಸೀಸದ ವಿಷವೇರಿದರೆ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಬ್ರಿಟನ್ 1895ರಲ್ಲಿ ಕಾನೂನು ಮಾಡಿತು. ಅಂಥ ಕಟ್ಟುಪಾಡಿಲ್ಲದ ಅಮೆರಿಕದಲ್ಲಿ, 1910ರಲ್ಲಿ ಇಲಿನಾಯ್ ರಾಜ್ಯದ ಸಮೀಕ್ಷೆಗೆ ಹೊರಟ ಡಾ. ಆಲಿಸ್ ಹ್ಯಾಮಿಲ್ಟನ್ ಆಸ್ಪತ್ರೆಯ ಕಡತ ತಿರುವಿ, ಔಷಧಿ ಅಂಗಡಿಯವರನ್ನು ವಿಚಾರಿಸಿ, ಕಾರ್ಮಿಕರ ಮನೆಗಳಿಗೇ ಹೋಗಿ ರೋಗಿಗಳನ್ನು ಒಬ್ಬೊಬ್ಬರಾಗಿ ಪತ್ತೆಹಚ್ಚಬೇಕಾಯಿತು. ಮುಂದೆ ಹಾರ್ವರ್ಡಿನ ಮೊದಲ ಅಧ್ಯಾಪಕಿಯಾದ ಈಕೆ ಈ ವಿಷಯ ಓದುವ ಎಲ್ಲರಿಗೂ ಗುರುಸ್ಥಾನದಲ್ಲಿದ್ದಾರೆ. ಯಾರೂ ತಿಳಿಸದ ಕಾಯಿಲೆ ಇಲ್ಲದ ಕಾಯಿಲೆಯಾಗುವುದಿಲ್ಲ ಎಂಬುದನ್ನು ಅವರು ತಿರುಗಾಟದಲ್ಲೇ ತೋರಿಸಿಕೊಟ್ಟರು. ಆದರೆ ಬ್ರಿಟನ್ನಿನ ಕಾನೂನಾಗಲಿ ಹ್ಯಾಮಿಲ್ಟನ್ ಅವರಾಗಲಿ ಲೆಕ್ಕ ಹಾಕಿದ್ದು ಕಾಯಿಲೆಯನ್ನು: ತಡೆಯಲಾಗದ ಹೊಟ್ಟೆನುಲಿತ, ಜೋತುಬಿದ್ದ ಮಣಿಕಟ್ಟು. ಕಣ್ಣಿಗೆ ಕಾಣುವ ಲಕ್ಷಣವಿದ್ದರೆ ಮಾತ್ರ ಅದು ಪ್ರಕರಣ.

ಆ ನಂಬಿಕೆಯನ್ನು ಅಲುಗಿಸಿದ್ದು ಸಂಶೋಧಕ ಹರ್ಬರ್ಟ್ ನೀಡಲ್‌ಮನ್. ಮ್ಯಾಸಚೂಸೆಟ್ಸ್‌ನ ಎರಡು ಊರುಗಳ ಒಂದನೇ, ಎರಡನೇ ತರಗತಿಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಅವರು ಸಂಗ್ರಹಿಸಿದರು. (ನಮ್ಮಲ್ಲಾಗಿದ್ದರೆ ಅವು ಸಗಣಿಯುಂಡೆಯೊಳಗೆ ಸೇರಿ ಮಾಡಿನ ಮೇಲೆ ಹೋಗಿರುತ್ತಿದ್ದವು.) ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳಿಗೆ ಯಾವ ಕಾಯಿಲೆಯ ಲಕ್ಷಣವೂ ಇರಲಿಲ್ಲ, ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಪಾಠದ ಮೇಲಿನ ಗಮನದಲ್ಲೂ ಮಾತ್ರ ಅವರು ಹಿಂದೆ ಬಿದ್ದಿದ್ದರು. 1979ರಲ್ಲಿ ಅದು ಅಚ್ಚಾದ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಆದರೆ ಮಿತಿ ಇಳಿಯುತ್ತಲೇ ಹೋಯಿತು. ಡೆಸಿಲೀಟರ್ ರಕ್ತಕ್ಕೆ ಇಷ್ಟು ಮೈಕ್ರೊಗ್ರಾಂ ಎಂಬ ಲೆಕ್ಕದಲ್ಲಿ ಅಮೆರಿಕದ ಗೆರೆ 1960ರ ದಶಕದಲ್ಲಿ 60 ಇತ್ತು. 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ನನ್ನ ಮೊದಲ ಪುರಾವೆ ಈ ಇಳಿಜಾರೇ. 1995ರಲ್ಲಿ ಒಂದು ರಾಜ್ಯ ಹತ್ತಕ್ಕಿಂತ ಮೇಲಿನ ಫಲಿತಾಂಶಗಳನ್ನಷ್ಟೇ ತರಿಸಿಕೊಂಡಿದೆ ಎಂದುಕೊಳ್ಳಿ. ಆರು, ಏಳು, ಎಂಟು ಬಂದ ಮಕ್ಕಳಿಗೂ ತೊಂದರೆಯಿತ್ತು ಎಂದು ಮುಂದೆ ತಿಳಿದಾಗ ಅವರು ಎಷ್ಟು ಜನ, ಯಾವ ಬೀದಿಯವರು ಎಂದು ಹೇಳಲು ಅದರ ಬಳಿ ಏನೂ ಇರುವುದಿಲ್ಲ. ಇಂದಿನ ಗೆರೆಯೇ ಕೊನೆಯ ಗೆರೆ ಎಂದು ನಂಬಿದವರು ಮಾತ್ರ ಗೆರೆಯ ಕೆಳಗಿನದನ್ನು ಬಿಸಾಡಬಲ್ಲರು.

ಎರಡನೆಯ ಪುರಾವೆ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದ್ದು. ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಆ ಊರಿಗೆ ಡೆಟ್ರಾಯಿಟ್‌ನ ನೀರು ನಿಲ್ಲಿಸಿ ಫ್ಲಿಂಟ್ ನದಿಯ ನೀರು ಬಿಟ್ಟರು. ಕೊಳವೆ ಸವೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೆಯ ಕೊಳವೆಗಳ ಸೀಸ ನೀರಿಗಿಳಿಯಿತು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ ತಮ್ಮ ಆಸ್ಪತ್ರೆಯಲ್ಲಿ ಪರೀಕ್ಷೆಯಾದ ಐದು ವರ್ಷದೊಳಗಿನ ಮಕ್ಕಳ ಅಂಕಿಗಳನ್ನು ನೀರು ಬದಲಾಗುವ ಮುಂಚಿನದು, ಆಮೇಲಿನದು ಎಂದು ಬೇರೆ ಮಾಡಿ ನೋಡಿದರು. ಐದು ಅಥವಾ ಅದಕ್ಕಿಂತ ಹೆಚ್ಚು ಬಂದ ಮಕ್ಕಳ ಪ್ರಮಾಣ, ಅವರು ಪ್ರಕಟಿಸಿದ ಲೇಖನದ ಪ್ರಕಾರ, ನೂರಕ್ಕೆ 2.4ರಿಂದ 4.9ಕ್ಕೆ ಏರಿತ್ತು. ಇಲ್ಲಿ ಶಾಲೆಯ ಲೆಕ್ಕದ ಮೇಷ್ಟ್ರನ್ನು ನೆನೆಸಿಕೊಳ್ಳಿ. ಭಿನ್ನರಾಶಿಯಲ್ಲಿ ಮೇಲಿನ ಅಂಶವನ್ನಷ್ಟೇ ಬರೆದು ಕೆಳಗಿನ ಛೇದ ಬಿಟ್ಟ ಹುಡುಗನಿಗೆ ಅವರು ಅಂಕ ಕೊಡುತ್ತಿರಲಿಲ್ಲ. ಹೆಚ್ಚು ಬಂದ ಮಕ್ಕಳ ಪಟ್ಟಿಯೊಂದೇ ಇದ್ದಿದ್ದರೆ, ಈ ವರ್ಷ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ್ದೀರಿ, ಅದಕ್ಕೇ ಪಟ್ಟಿ ಉದ್ದವಾಗಿದೆ ಎಂದು ಯಾರು ಬೇಕಾದರೂ ತಳ್ಳಿಹಾಕಬಹುದಿತ್ತು. ಆ ಮಾತಿಗೆ ಎಡೆ ಕೊಡದಿದ್ದದ್ದು ಏನೂ ಆಗದ ಮಕ್ಕಳ ಅಂಕಿಗಳು.

ಇನ್ನೊಂದು ವಿವರವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಕಣ್ತಪ್ಪುವುದು ಇಂಥ ಕಡೆಯೇ. ಫ್ಲಿಂಟ್ ಎಂದು ಹೆಸರಿರುವ ಅಂಚೆ ಪಿನ್‌ಕೋಡುಗಳು ನಗರದ ಗಡಿಗೆ ಸರಿಹೊಂದುವುದಿಲ್ಲ; ಬೇರೆ ನೀರು ಕುಡಿಯುವ ಹೊರವಲಯದ ಮನೆಗಳೂ ಅವುಗಳಲ್ಲಿ ಸೇರಿಕೊಂಡಿವೆ. ಪಿನ್‌ಕೋಡಿನ ಪ್ರಕಾರ ಕೂಡಿಸಿದರೆ ಆ ಮಕ್ಕಳ ಒಳ್ಳೆಯ ಅಂಕಿ ಸೇರಿ ಏರಿಕೆ ತೆಳುವಾಗುತ್ತದೆ. ಮನೆ ನಂಬರು, ಬೀದಿ ಹಿಡಿದು ಒಂದೊಂದು ಮಗುವನ್ನೂ ನಕ್ಷೆಯ ಮೇಲೆ ಇಟ್ಟಾಗ ಯಾವ ವಾರ್ಡಿನಲ್ಲಿ ನೀರು ಕೆಟ್ಟಿತ್ತೋ ಅಲ್ಲೇ ರಕ್ತದ ಅಂಕಿಯೂ ಏರಿದ್ದು ಕಂಡಿತು. ಲ್ಯಾಬಿನ ಫಾರಂನಲ್ಲಿ ವಿಳಾಸದ ಸಾಲನ್ನು ಖಾಲಿ ಬಿಡುವುದು ಯಾರಿಗೂ ಅಪರಾಧವೆನಿಸುವುದಿಲ್ಲ. ಆದರೆ ಆ ಸಾಲಿಲ್ಲದ ಅಂಕಿಯಿಂದ ಇಲಾಖೆಗೆ ಅರ್ಧ ಪ್ರಯೋಜನವೂ ಇಲ್ಲ.

ಈಗ ಎದುರುವಾದ ಕೇಳೋಣ. ಮಿಶಿಗನ್‌ನ ಆರೋಗ್ಯ ಇಲಾಖೆಯ ಬಳಿ ಈ ಫಲಿತಾಂಶಗಳು ಮೊದಲೇ ಇದ್ದವಲ್ಲ? ಇದ್ದವು. 2014ರ ಬೇಸಿಗೆಯಲ್ಲಿ ಏರಿಕೆಯಾಗಿದೆ ಎಂಬ ಒಳಗಿನ ವಿಶ್ಲೇಷಣೆಯೂ 2015ರ ಜುಲೈ ಹೊತ್ತಿಗೆ ತಯಾರಾಗಿತ್ತು. ಬೇಸಿಗೆಯಲ್ಲಿ ಯಾವಾಗಲೂ ಸ್ವಲ್ಪ ಏರುತ್ತದೆ ಎಂದು ಅದನ್ನು ಪಕ್ಕಕ್ಕಿಟ್ಟರು. ಆಸ್ಪತ್ರೆಯ ಅಂಕಿ ಸೆಪ್ಟೆಂಬರಿನಲ್ಲಿ ಬಹಿರಂಗವಾದಾಗಲೂ ಮೊದಲು ಅಲ್ಲಗಳೆದರು. ಡೆಟ್ರಾಯಿಟ್‌ನ ನೀರು ಮರಳಿದ್ದು ಅಕ್ಟೋಬರಿನಲ್ಲಿ. ಹಾಗಿದ್ದಮೇಲೆ ಕಳಿಸಿ ಏನು ಫಲ ಎಂಬ ಪ್ರಶ್ನೆ ಗಟ್ಟಿಯಾದದ್ದೇ. ನನ್ನ ಉತ್ತರ ಇಷ್ಟು: ಕಪಾಟಿನಲ್ಲಿದ್ದ ಅಂಕಿಯನ್ನು ಓದದ ತಪ್ಪನ್ನು ಆಮೇಲೆ ಹಿಡಿಯಬಹುದು, ಯಾರು ಯಾವಾಗ ನೋಡಿದ್ದರು ಎಂದು ಕೇಳಬಹುದು. ಕಪಾಟಿಗೇ ಬರದ ಅಂಕಿಗೆ ಯಾರೂ ಜವಾಬು ಕೊಡಬೇಕಾಗಿಲ್ಲ. ಮಿಶಿಗನ್ ಅಧಿಕಾರಿಗಳ ಮೇಲೆ ತನಿಖೆ ನಡೆಯಲು ಸಾಧ್ಯವಾದದ್ದಕ್ಕೆ ಆ ಕಡತಗಳೂ ಕಾರಣ.

ಓದಿದರೆ ಏನಾಗುತ್ತದೆ ಎಂಬುದಕ್ಕೆ 2023ರ ನಾರ್ತ್ ಕರೋಲಿನಾ ಇದೆ. ನಾಲ್ಕು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂಬ ವರದಿ ಹಿಡಿದು ಅಲ್ಲಿನ ಆರೋಗ್ಯ ಇಲಾಖೆ ಬೆನ್ನು ಹತ್ತಿತು. ಮಕ್ಕಳೆಲ್ಲ ತಿಂದಿದ್ದದ್ದು ವಾನಾಬಾನಾ ಹೆಸರಿನ, ದಾಲ್ಚಿನ್ನಿ ಬೆರೆಸಿದ ಸೇಬಿನ ತಿರುಳು, ಹಿಂಡಿ ತಿನ್ನುವ ಸಣ್ಣ ಪೊಟ್ಟಣದ್ದು. ತಯಾರಾದದ್ದು ಈಕ್ವೆಡಾರ್‌ನಲ್ಲಿ. ಅದಕ್ಕೆ ಹಾಕಿದ ದಾಲ್ಚಿನ್ನಿಪುಡಿಯ ಒಂದು ಮಾದರಿಯಲ್ಲಿ ಹತ್ತು ಲಕ್ಷಕ್ಕೆ 5,110 ಪಾಲು ಸೀಸವಿತ್ತು. ಅಕ್ಟೋಬರಿನಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಹೋಯಿತು, ಪೊಟ್ಟಣಗಳು ಅಂಗಡಿಯಿಂದ ಇಳಿದವು. ಆಮೇಲೆ ಹಲವು ರಾಜ್ಯಗಳಲ್ಲಿ ನೂರಾರು ಮಕ್ಕಳು ಪತ್ತೆಯಾದರು. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ, ಒಂದು ಪಾಲು ಮೂಳೆಗೆ ಸೇರುತ್ತದೆ. ವರದಿ ಮೂರು ತಿಂಗಳು ತಡವಾದರೆ ಸಾಕ್ಷಿಯೇ ಕರಗಿರುತ್ತದೆ.

ಲ್ಯಾಬುಗಳಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹೆಚ್ಚು ಚರ್ಚಿಸುವುದಿಲ್ಲ. ಕಂಪ್ಯೂಟರಿನಿಂದಲೇ ವರದಿ ಹೊರಡುವ ಕಾಲದಲ್ಲಿ, ಆರಿಸಿ ಕಳಿಸುವುದಕ್ಕಿಂತ ಎಲ್ಲವನ್ನೂ ಕಳಿಸುವುದೇ ಸುಲಭ. ಅಂಕಿಯೇ ತಪ್ಪಿರಬಹುದಲ್ಲ ಎಂಬ ಆಕ್ಷೇಪ ಭಾರವಾದದ್ದು. ಬೆರಳು ಚುಚ್ಚಿ ರಕ್ತ ತೆಗೆಯುವಾಗ ಬೆರಳನ್ನು ಸೋಪಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಚರ್ಮದ ಮೇಲಿನ ಧೂಳೇ ಅಂಕಿಯನ್ನು ಏರಿಸುತ್ತದೆ. ಅಮೆರಿಕದಲ್ಲಿ ಬಹಳ ಕಡೆ ಬಳಸುತ್ತಿದ್ದ ಲೆಡ್‌ಕೇರ್ ಯಂತ್ರಗಳು ಇದಕ್ಕೆ ಉಲ್ಟಾ, ಇದ್ದದ್ದಕ್ಕಿಂತ ಕಡಿಮೆ ತೋರಿಸಿದ್ದವು. 2017ರಲ್ಲಿ ಸರ್ಕಾರ ಎಚ್ಚರಿಸಿತು, 2021ರಲ್ಲಿ ಕಿಟ್‌ಗಳನ್ನು ವಾಪಸು ಪಡೆದರು. ಆದರೆ ಈ ಆಕ್ಷೇಪ ನನ್ನ ಕಡೆಗೇ ವಾಲುತ್ತದೆ. ಯಂತ್ರ ಕಡಿಮೆ ತೋರಿಸಿದೆ ಎಂದು ಗೊತ್ತಾದಾಗ ಮತ್ತೆ ಪರೀಕ್ಷಿಸಬೇಕಾದವರು ಯಾರು? ಕಡಿಮೆ ಬಂದ ಮಕ್ಕಳೇ. ಅವರ ಪಟ್ಟಿ ಯಾರ ಬಳಿ ಇದೆ?

ನಮ್ಮ ಕಡೆ ಬಂದರೆ ಮಾತು ಚಿಕ್ಕದಾಗುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯ ಮೊದಲ ಹೆಸರೇ ಸೀಸದ ವಿಷವಾಗಿತ್ತು. ತಿಳಿಸದ ವೈದ್ಯರಿಗೆ ಸಾವಿರ ರೂಪಾಯಿವರೆಗೆ ದಂಡವಿತ್ತು. 1895ರ ಬ್ರಿಟಿಷ್ ದೃಷ್ಟಿಯೇ ಅದು: ಕಾರ್ಖಾನೆಯೊಳಗಿನ ಕೆಲಸಗಾರ, ಕಾಣುವ ಕಾಯಿಲೆ. ಮನೆಯಲ್ಲಿರುವ ಮಗು, ಕಾಣದ ಅಂಕಿ ಅದರಲ್ಲಿರಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಸೀಸವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರ ಕಟ್ಟಿದರು. ಜೀವರಸಾಯನ ಪಾಠ ಹೇಳುವ ಮೇಷ್ಟ್ರೊಬ್ಬರು ಬಣ್ಣದ ಡಬ್ಬಿಯನ್ನೂ ಬ್ಯಾಟರಿ ಒಡೆಯುವ ಶೆಡ್ಡನ್ನೂ ಬೆನ್ನಟ್ಟಿದ್ದು ಅಪರೂಪದ ಸಂಗತಿ, ಅದಕ್ಕಾಗಿ ಈ ನಾಡು ಅವರಿಗೆ ಋಣಿ. ಭಾರತದಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಐದನ್ನು ದಾಟಿದೆ ಎಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ವರದಿ ಅಂದಾಜಿಸಿತು. ಅಂದಾಜು ಎಂಬ ಮಾತನ್ನು ಗಮನಿಸಿ. ಇಂದು ಬೆಂಗಳೂರಿನ ಲ್ಯಾಬೊಂದರಲ್ಲಿ ಒಂದು ಮಗುವಿಗೆ ಮೂವತ್ತು ಬಂದರೂ ಅದು ಹೋಗುವುದು ಅಪ್ಪ ಅಮ್ಮನ ಕೈಯಲ್ಲಿರುವ ಕವರಿನೊಳಗೆ.

ಇಲ್ಲಿಯವರೆಗೆ ಧೈರ್ಯವಾಗಿ ವಾದಿಸಿದ ನನಗೆ ಒಂದು ಕಡೆ ಕಾಲು ಎಡವುತ್ತದೆ. 1898ರ ಪ್ಲೇಗಿನ ಕಾಲದ ಕಥೆಗಳನ್ನು ಕೇಳದ ಹಳೆಯ ಬೆಂಗಳೂರಿನ ಮನೆ ಕಡಿಮೆ. ಸರ್ಕಾರಕ್ಕೆ ತಿಳಿದರೆ ಕ್ಯಾಂಪಿಗೆ ಸಾಗಿಸುತ್ತಾರೆ ಎಂಬ ಹೆದರಿಕೆಯಿಂದ ಜನ ಕಾಯಿಲೆಯವರನ್ನು ಬಚ್ಚಿಟ್ಟರು. ಪ್ಲೇಗಮ್ಮನಿಗೆ ಗುಡಿ ಕಟ್ಟಿದರೇ ಹೊರತು ಅಧಿಕಾರಿಗೆ ಬಾಗಿಲು ತೆಗೆಯಲಿಲ್ಲ. ವಿಳಾಸ ಬೇಕೇಬೇಕು ಎಂದು ಈಗಷ್ಟೇ ಹೇಳಿದವನು ನಾನು. ಹೆಸರು ಬಿಟ್ಟು ವಿಳಾಸ ಮಾತ್ರ ಕಳಿಸಿದರೆ ಸಾಕೇ? ಚಿಕ್ಕ ಗಲ್ಲಿಯಲ್ಲಿ ವಿಳಾಸ ಗೊತ್ತಾದ ಮೇಲೆ ಹೆಸರು ಎಷ್ಟು ದಿನ ಗುಟ್ಟಾಗಿರುತ್ತದೆ? ಅಂಕಿ ಕೈಗೆ ಬಂದಾಗ ಇಲಾಖೆ ಮೊದಲು ಕಳಿಸುವುದು ದಾದಿಯನ್ನೋ, ಇನ್‌ಸ್ಪೆಕ್ಟರನ್ನೋ? ಮನೆಯ ಹಿತ್ತಲಿನಲ್ಲೇ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಿ ಹೊಟ್ಟೆ ಹೊರೆಯುವ ಅಪ್ಪನಿಗೆ, ಪರೀಕ್ಷೆಯ ಅಂಕಿ ಸರ್ಕಾರಕ್ಕೆ ಹೋಗುತ್ತದೆ ಎಂದು ಮೊದಲೇ ತಿಳಿದಿದ್ದರೆ, ಅವನು ಮಗುವನ್ನು ಲ್ಯಾಬಿಗೆ ಕರೆತರುತ್ತಾನೆಯೇ?