ಕಲ್ಲಿನ ಚಿತ್ರಕಥೆಯನ್ನು ಕಣ್ಣು ಓದುವ ಬಗೆ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರ ಮುಂದೆ ಮಾಡಿದ ಭಾಷಣ)



ನಿಮ್ಮ ಊರಿನ ಗುಡಿಯ ಪಕ್ಕದಲ್ಲೋ ಕೆರೆ ಏರಿಯ ಮೇಲೋ ಒಂದು ವೀರಗಲ್ಲು ಇದ್ದೀತು. ಶಾಲೆಯ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ‘ಇದರ ಕಥೆ ಹೇಳಿ’ ಎಂದು ಕೇಳಿನೋಡಿ. ಚಿತ್ರಕಥೆ ಓದಿ ರೂಢಿಯಾದ ಮಗು ಮೇಲಿನಿಂದ ಆರಂಭಿಸುತ್ತದೆ. ಒಬ್ಬಾತ ಶಿವಲಿಂಗದ ಎದುರು ಕೈಮುಗಿದು ಕುಳಿತಿದ್ದಾನೆ. ಆಮೇಲೆ ಇಬ್ಬರು ಹೆಂಗಸರ ಜೊತೆ ಹೊರಟಿದ್ದಾನೆ. ಕೊನೆಗೆ ಕತ್ತಿ ಹಿಡಿದು ಜಗಳಕ್ಕೆ ನಿಂತಿದ್ದಾನೆ! ಮಗು ಕಂಡದ್ದೆಲ್ಲ ಸರಿ, ಓದಿದ ದಿಕ್ಕು ಮಾತ್ರ ತಪ್ಪು.

ಮೂರು ಪಟ್ಟಿಕೆಗಳ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ಎಷ್ಟೋ ಕಡೆ ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋದವರೊಡನೆ ನಡೆದ ಹೋರಾಟ. ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಕೈಲಾಸ, ಅದರ ಮೇಲೆ ಸೂರ್ಯಚಂದ್ರರು. ಕಥೆ ನೆಲದಿಂದ ಮುಗಿಲಿಗೆ ಏರುತ್ತದೆ, ಕಣ್ಣೂ ಅದರೊಂದಿಗೆ ಏರಬೇಕು. ಇಲ್ಲಿ ಓದುವ ದಿಕ್ಕೇ ಅರ್ಥದ ಒಂದು ಭಾಗ.

ದಿಕ್ಕನ್ನು ಕಾಲೂ ನಿರ್ಧರಿಸಬಹುದು. ಚನ್ನಗಿರಿಗೆ ನೆರೆಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅಲ್ಲಿ ಉತ್ತರದ ಗೋಡೆಯ ಕೃಷ್ಣಕಥೆಯೂ ಮಹಾಭಾರತವೂ ಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತವೆ. ದಕ್ಷಿಣದ ಗೋಡೆಯ ರಾಮಾಯಣ ಮಾತ್ರ ಅದಕ್ಕೆ ಎದುರು ದಿಕ್ಕಿನಲ್ಲಿ ನಡೆಯುತ್ತದೆ. ಅಲ್ಲಿ ನೋಡುಗನ ನಡಿಗೆಯೇ ಪುಟ ತಿರುಗಿಸುವ ಕೈ.

ಆದರೆ ಕಲ್ಲಿನ ಗೆರೆಗಳು ನಮಗೆ ಕಥೆಯಾಗಿ ಕಾಣುವುದಾದರೂ ಹೇಗೆ? ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟೈಮರ್ 1923ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಚುಕ್ಕಿ, ಗೆರೆಗಳನ್ನಿಟ್ಟು ಇದನ್ನು ವಿವರಿಸಿದ. ಹತ್ತಿರವಿರುವುದನ್ನು ಕಣ್ಣು ಒಂದು ಗುಂಪು ಮಾಡುತ್ತದೆ. ಒಂದೇ ಬಗೆಯದನ್ನು ಜೊತೆಗೂಡಿಸುತ್ತದೆ. ಗೆರೆ ಹೋದತ್ತ ತಾನೂ ಹೋಗುತ್ತದೆ. ಅರೆಬರೆ ಇದ್ದುದನ್ನು ತುಂಬಿಕೊಳ್ಳುತ್ತದೆ. ಚುಕ್ಕಿ ರಂಗೋಲಿ ಇಡುವ ನಮ್ಮ ತಾಯಂದಿರಿಗೆ ಇದು ಹೊಸತಲ್ಲ. ಚುಕ್ಕಿ ಇಟ್ಟೊಡನೆ ಅವರಿಗೆ ಹೂವು ಕಂಡುಬಿಟ್ಟಿರುತ್ತದೆ!

ವೀರಗಲ್ಲಿನ ಶಿಲ್ಪಿ ಮಾಡಿದ್ದೂ ಇದನ್ನೇ. ಒತ್ತೊತ್ತಾಗಿ ಕೆತ್ತಿದ ನಾಲ್ಕಾರು ಹಸುಗಳು ಒಂದು ಹಿಂಡಾಗುತ್ತವೆ. ಒಂದೇ ಅಚ್ಚಿನ ಪುಟ್ಟ ಎದುರಾಳಿಗಳು ಒಂದು ದಂಡಾಗುತ್ತಾರೆ. ಅವರ ನಡುವೆ ದೊಡ್ಡದಾಗಿ ನಿಂತವನೇ ವೀರನೆಂದು ಯಾರೂ ಹೇಳಿಕೊಡಬೇಕಿಲ್ಲ. ಮೂರು ಪಟ್ಟಿಕೆಗಳಲ್ಲಿ ಮೂರು ಸಲ ಕಂಡರೂ ಆತ ಮೂವರಲ್ಲ, ಒಬ್ಬನೇ ಎಂದು ಮಗುವಿಗೂ ತಿಳಿಯುತ್ತದೆ. ವಾರಪತ್ರಿಕೆಗಳ ಚಿತ್ರಕಥೆಗಳೂ 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಚಿತ್ರಗಳೂ ನಂಬಿದ್ದು ಕಣ್ಣಿನ ಇದೇ ಗುಣವನ್ನು.

ಇನ್ನೊಂದು ಸೂಕ್ಷ್ಮವಿದೆ. ಹಲವು ವೀರಗಲ್ಲುಗಳಲ್ಲಿ ವೀರ ಸಾಯುವ ಗಳಿಗೆಯೇ ಇಲ್ಲ. ಕೆಳಗೆ ಕಾದುತ್ತಿದ್ದಾನೆ, ಮೇಲೆ ಅಪ್ಸರೆಯರ ನಡುವೆ ಇದ್ದಾನೆ. ಸಾವು ನಡೆದದ್ದು ಎರಡು ಪಟ್ಟಿಕೆಗಳ ನಡುವೆ, ನಮ್ಮ ಮನಸ್ಸಿನಲ್ಲಿ. ಅಮೆರಿಕದ ಚಿತ್ರಕಥೆಗಾರ ಸ್ಕಾಟ್ ಮೆಕ್‌ಕ್ಲೌಡ್ 1993ರ ತನ್ನ ಪುಸ್ತಕದಲ್ಲಿ, ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಓದುಗನೇ ಕಥೆ ಕಟ್ಟುತ್ತಾನೆಂದು ತೋರಿಸಿದ. ನಮ್ಮ ಶಿಲ್ಪಿ ಆ ಜಾಗದ ಪಟ್ಟಿಯನ್ನು ಎಷ್ಟೋ ಸಲ ಶಾಸನ ಬರೆಯಲು ಬಳಸಿದ. ಇನ್ನು ಮಾಸ್ತಿಕಲ್ಲನ್ನು ನೋಡಿ. ಕಂಬದಿಂದ ಚಾಚಿದ, ಬಳೆ ತೊಟ್ಟ ಒಂದು ತೋಳು, ಅಷ್ಟೇ. ಇಡೀ ಹೆಣ್ಣಿನ ಬದುಕನ್ನೂ ಆಕೆ ಪಟ್ಟ ಬೇಗೆಯನ್ನೂ ನೋಡುವವರೇ ತುಂಬಿಕೊಳ್ಳಬೇಕು.

ಇದನ್ನೆಲ್ಲ ನಿಮ್ಮೆದುರು ಹೇಳಲು ಕಾರಣವಿದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ನ್ಯಾಮತಿ ಆಗ ಹೊನ್ನಾಳಿಗೇ ಸೇರಿತ್ತು. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿವೆ. ಅಕ್ಷರಗಳು ಹೀಗೆ ಪುಸ್ತಕ ಸೇರಿದವು, ಚಿತ್ರಗಳಲ್ಲಿ ಬಹುಪಾಲು ಕಲ್ಲಿನ ಮೇಲೆಯೇ ಉಳಿದವು. ಅಕ್ಷರವೇ ಇಲ್ಲದ ವೀರಗಲ್ಲುಗಳಂತೂ ಬಹಳ. ಅಂಥ ಕಲ್ಲಿಗೆ ಚಿತ್ರವೇ ಲಿಪಿ. ಅದು ಅಳಿದರೆ ಮತ್ತೆ ಓದಲು ಏನೂ ಉಳಿಯದು.

ಅಳಿಯುವ ಬಗೆಯನ್ನೂ ಗಮನಿಸಿ. ಕಲ್ಲು ವರ್ಷವರ್ಷಕ್ಕೆ ಮಣ್ಣಿನಲ್ಲಿ ಇಳಿಯುತ್ತದೆ, ರಸ್ತೆ ಎತ್ತರಿಸಿದಾಗ ಇನ್ನಷ್ಟು ಹೂತುಹೋಗುತ್ತದೆ. ಮೊದಲು ಮುಳುಗುವುದು ಕೆಳಗಿನ ಪಟ್ಟಿಕೆ, ಅಂದರೆ ಕಥೆಯ ಆರಂಭ. ಕೈಲಾಸ ಕಾಣುತ್ತದೆ, ಆತ ಯಾತಕ್ಕಾಗಿ ಸತ್ತನೆಂಬುದು ಕಾಣುವುದಿಲ್ಲ. ಭಕ್ತಿಯಿಂದ ಬಳಿದ ದಪ್ಪ ಬಣ್ಣವೂ ಕೆಡುಕನ್ನೇ ಮಾಡುತ್ತದೆ. ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ವಿವರಿಸಿದಂತೆ, ಆಕೃತಿಯನ್ನು ಹಿನ್ನೆಲೆಯಿಂದ ಬಿಡಿಸಿಕೊಂಡರಷ್ಟೇ ಕಣ್ಣಿಗೆ ಏನಾದರೂ ಕಾಣುತ್ತದೆ. ಉಬ್ಬುಶಿಲ್ಪದಲ್ಲಿ ಹಾಗೆ ಬಿಡಿಸಿಕೊಡುವುದು ನೆರಳು. ಬಣ್ಣ ತುಂಬಿಕೊಂಡ ಕಡೆ ನೆರಳಿಗೆ ಜಾಗವಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಹಾರೆ ಹಿಡಿದು ಕಲ್ಲನ್ನು ಕೀಳುವುದು ಬೇಡ, ಆ ಕೆಲಸ ಪುರಾತತ್ವ ಇಲಾಖೆಯದು. ನೀವು ಮಕ್ಕಳನ್ನು ಬೆಳಗ್ಗೆಯೋ ಸಂಜೆಯೋ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕರೆದುಕೊಂಡು ಹೋಗಿ. ಪೆನ್ಸಿಲ್ ಕೊಟ್ಟು, ಕೆಳಗಿನ ಪಟ್ಟಿಕೆಯಿಂದ ಮೊದಲುಮಾಡಿ ಕಂಡಷ್ಟನ್ನೇ ಬರೆಸಿ. ಕಾಣದ ಕಡೆ ಕಾಗದವನ್ನು ಖಾಲಿ ಬಿಡಿಸಿ, ಊಹಿಸಿ ತುಂಬುವುದು ಬೇಡ. ಊರ ಹೆಸರು, ದಿನಾಂಕ ಹಾಕಿಸಿ ಶಾಲೆಯಲ್ಲಿ ಜೋಪಾನವಾಗಿಡಿ.

‘ಸಾರ್, ಕಥೆಯ ಮೊದಲ ಭಾಗ ಮಣ್ಣಿನೊಳಗಿದೆ’ ಎಂದು ಒಂದು ಮಗು ತಾನಾಗಿಯೇ ಹೇಳಿದ ದಿನ, ಆ ಊರಿನ ಕಲ್ಲಿಗೆ ಒಬ್ಬ ಓದುಗ ಸಿಕ್ಕಂತೆ.